ಸ್ಪ್ಯಾನರ್ ತಿರುಗಿದ ಹೊತ್ತು

ಗ್ಯಾರೇಜಿನ ಫಯಾಝ್ ವಾಟ್ಸ್ಯಾಪಿನಲ್ಲಿ ಕಳಿಸಿದ ಬಿಲ್ ನೋಡಿ ರುಕ್ಮಯ್ಯ ಬೆಳಗಿನ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ. ಟ್ರ್ಯಾಕ್ಟರಿನ ಹೊಸ ಕ್ಲಚ್ ಪ್ಲೇಟಿಗೆ ಐದು ಸಾವಿರ, ಅದನ್ನು ಕೂರಿಸಿದ ಲೇಬರಿಗೆ ಏಳು ಸಾವಿರ!

ಊರಿನಲ್ಲಿದ್ದುದು ಅವನದೊಂದೇ ಟ್ರ್ಯಾಕ್ಟರ್. ಸುತ್ತಲಿನವರ ಗದ್ದೆಗಳನ್ನು ಗಂಟೆ ಲೆಕ್ಕದಲ್ಲಿ ಉತ್ತು ಕೊಡುತ್ತಿದ್ದ. ಗ್ಯಾರೇಜಿಗೆ ಒಬ್ಬನೇ ಹೋದರೆ ಬಾಯಿ ಸಾಲದೆಂದು ನೆರೆಮನೆಯ ವಸಂತನನ್ನು ಕರೆದ. ಇನ್ನೊಬ್ಬರ ಜಗಳವೆಂದರೆ ವಸಂತನಿಗೆ ಮದುವೆ ಊಟದಷ್ಟೇ ಪ್ರೀತಿ. ಬಸ್ಸಿನಲ್ಲಿ ಸಿಕ್ಕಿದ ಕೆಳಗಿನ ಮನೆಯ ಪದ್ಮಾಕ್ಷಿ, ಬಿ.ಸಿ.ರೋಡಿಗೆ ಟಿಕೆಟ್ ತೆಗೆದಿದ್ದರೂ, ವಿಷಯ ಕೇಳಿ ಅವರೊಂದಿಗೆ ಗ್ಯಾರೇಜಿದ್ದ ಮೆಲ್ಕಾರಿನಲ್ಲೇ ಇಳಿದಳು.

ಫಯಾಝ್ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತಾ ಬಂದ. “ರುಕ್ಮಯ್ಯಣ್ಣ, ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇರೆ ಮಾಡದೆ ಕ್ಲಚ್‌ಗೆ ಕೈ ಹಾಕ್ಲಿಕ್ಕೆ ಆಗುದಿಲ್ಲ. ಇಬ್ಬರು ಇಡೀ ದಿನ ಕೆಲಸ ಮಾಡಿದ್ದೇವೆ.”

“ಇಡೀ ದಿನವಾ? ನಿನ್ನೆ ನಾನು ಇಲ್ಲೇ ಸ್ಟೂಲಿನಲ್ಲಿ ಕೂತಿದ್ದೆ ಮಾರಾಯ! ಚಹಾಕ್ಕೆ ಹೋದ್ದು ಕೆಲಸವಾ? ಫೋನಲ್ಲಿ ಮಾತಾಡಿದ್ದು ಕೆಲಸವಾ? ಸ್ಪ್ಯಾನರ್ ಹುಡುಕಿದ್ದೇ ಒಂದು ಗಂಟೆ!”

“ಹೌದು ಹೌದು,” ಎಂದ ವಸಂತ, ನಿನ್ನೆ ಅವನು ಆ ಕಡೆ ಸುಳಿಯದೇ ಇದ್ದರೂ.

“ಊಟದ ಹೊತ್ತು?” ಪದ್ಮಾಕ್ಷಿ ನೆನಪಿಸಿದಳು.

“ಅದೂ ಉಂಟು! ಸ್ಪ್ಯಾನರ್ ತಿರುಗಿದಷ್ಟು ಹೊತ್ತಿಗೆ ಮಾತ್ರ ದುಡ್ಡು. ನಿಂತದ್ದಕ್ಕೆ, ಕೂತದ್ದಕ್ಕೆ ಯಾರಾದ್ರೂ ಕೊಡ್ತಾರಾ?”

ರುಕ್ಮಯ್ಯನ ಸ್ವರ ಬಸ್ ಕಂಡಕ್ಟರನದರಂತೆ ಏರಿತು. ಪಂಕ್ಚರ್ ಹಾಕಿಸಲು ಬಂದವರೂ ಪಕ್ಕದ ಅಂಗಡಿಯವರೂ ಸುತ್ತ ನೆರೆದರು. ಗಿರಾಕಿಗಳೆದುರು ಮಾನ ಹೋಗುವುದು ಬೇಡವೆಂದು ಫಯಾಝ್ ಕೊನೆಗೆ ಕೈ ಮುಗಿದ.

“ಆಯ್ತು, ಲೇಬರಿಗೆ ನಾಲ್ಕು ಸಾವಿರ ಕೊಡಿ. ಸಾಕು.”

ಗೆದ್ದ ಖುಷಿಯಲ್ಲಿ ರುಕ್ಮಯ್ಯ ಅಲ್ಲೇ ಗೂಗಲ್ ಪೇ ಮಾಡಿದ. ಎದುರಿನ ಹೋಟೆಲಿನಿಂದ ಎಲ್ಲರಿಗೂ ಗೋಳಿಬಜೆ ತರಿಸಿದ.

ಪದ್ಮಾಕ್ಷಿ ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಾ ಕೇಳಿದಳು: “ಒಂದು ಸಂಶಯ ರುಕ್ಮಯ್ಯಣ್ಣ. ಮೊನ್ನೆ ನಮ್ಮ ಗದ್ದೆ ಉತ್ತದ್ದಕ್ಕೆ ಆರು ಗಂಟೆ ಹೇಳಿದ್ರಲ್ಲ, ಅದರಲ್ಲಿ ನಿಮ್ಮ ಅಂಗಳದಿಂದ ಬಂದ ಹೊತ್ತೂ ಸೇರಿದೆಯಾ?”

“ಅದು... ಡೀಸೆಲ್ ಉರಿಯುದಿಲ್ವಾ ಪದ್ಮಾಕ್ಷಿ?”

“ನಮ್ಮ ಜಗಲಿಯಲ್ಲಿ ಗಂಜಿ ಉಂಡು ಮಲಗಿದಾಗಲೂ ಉರೀತಾ ಇತ್ತಾ?”

ವಸಂತ ತಿನ್ನುವುದನ್ನು ನಿಲ್ಲಿಸಿದ. “ಹೌದಲ್ಲ! ನನ್ನ ಗದ್ದೆಯಲ್ಲಿ ನಿಂತು ನೀವು ಅಳಿಯನ ಹತ್ರ ಎಷ್ಟು ಹೊತ್ತು ಫೋನಲ್ಲಿ ಮಾತಾಡಿದ್ರಿ! ನಾನು ಇನ್ನೂ ದುಡ್ಡು ಕೊಟ್ಟಿಲ್ಲ. ಲೆಕ್ಕ ಒಮ್ಮೆ ಸರಿಯಾಗಿ ನೋಡುವ.”

“ಹಾಗೆಲ್ಲ ಲೆಕ್ಕ ಇಡ್ಲಿಕ್ಕೆ ಆಗ್ತದಾ ಮಾರಾಯ? ನೇಗಿಲು ಓಡಿದ್ದೆಷ್ಟು, ನಿಂತದ್ದೆಷ್ಟು ಅಂತ ಯಾರಿಗೆ ಗೊತ್ತು?” ರುಕ್ಮಯ್ಯ ಬೆವರು ಒರೆಸಿಕೊಂಡ.

ಫಯಾಝ್ ಟ್ರ್ಯಾಕ್ಟರಿನ ಕೀಲಿ ತಂದು ಅವನ ಕೈಯಲ್ಲಿಟ್ಟ.

“ಇನ್ನು ತೊಂದರೆ ಇಲ್ಲ ಅಣ್ಣ. ಇಂಜಿನ್ ಓಡಿದ ಗಂಟೆ ತೋರಿಸುವ ಮೀಟರ್ ಉಂಟಲ್ಲ, ಅದರ ವಯರನ್ನು ಯಾರೋ ತುಂಡು ಮಾಡಿದ್ರು. ನಾನು ಜೋಡಿಸಿ ಕೊಟ್ಟಿದ್ದೇನೆ. ಅದಕ್ಕೆ ಲೇಬರ್ ಹಾಕ್ಲಿಲ್ಲ.”