‘ನಾವು’ ಎಂಬ ಜನರ ಹೆಸರನ್ನು ಬಳಸುವ ಕುರಿತು

ಹೆಸರು ಮರುಸ್ಥಾಪನಾ ಇಲಾಖೆ
ಸಂಖ್ಯೆ: ಹೆಮಇ/ಹೊಳೆಯಾಚೆ/ನಾವು/ತಿದ್ದುಪಡಿ-೩

ವಿಷಯ: ಹೊಳೆಯಾಚೆಯವರಿಗೆ ಪರಕೀಯರಿಟ್ಟ ಹೆಸರನ್ನು ರದ್ದುಪಡಿಸಿದ್ದರಿಂದ ಕಚೇರಿಯಲ್ಲಿ ಉಂಟಾದ ತೊಡಕುಗಳ ಬಗ್ಗೆ.
ಉಲ್ಲೇಖ: ಗೇಟಿನ ಕಾವಲುಗಾರನ ಹೇಳಿಕೆ.

ಹಿಂದೆ ಈ ನಾಡನ್ನು ಆಳುತ್ತಿದ್ದ ಪರಕೀಯರ ಭೂಮಾಪಕನೊಬ್ಬನು ಹೊಳೆ ದಾಟಿ, ಅಲ್ಲಿಯವರ ಕುಲದ ಹೆಸರನ್ನು ತನ್ನ ಭಾಷೆಯಲ್ಲಿ ಕೇಳಲಾಗಿ, ಅವರು “ಏನಂದ್ರಿ?” ಎಂದಿರುತ್ತಾರೆ. ಸದರಿಯವನು ಅದನ್ನೇ ನಕ್ಷೆಯಲ್ಲಿ ‘ಯನಾಂಡ್ರಿ’ ಎಂದು ನಮೂದಿಸಿದ್ದು, ಅಂದಿನಿಂದ ಆ ಜನರು ಹುಟ್ಟಿದರೂ ಸತ್ತರೂ ಯನಾಂಡ್ರಿಗಳೇ ಆಗಿದ್ದರು.

ಈ ಅವಮಾನವನ್ನು ಅಳಿಸಲು ಇಲಾಖೆಯ ತಂಡವು ತೆರಳಿ, ದೋಣಿಗಾರನ ತಾಯಿಯನ್ನು ವಿಚಾರಿಸಲಾಗಿ, ಆಕೆಯು “ನಮ್ಮನ್ನ ನಾವು ಇನ್ನೇನಂತೀವಪ್ಪಾ? ನಾವು ಅಂತೀವಿ” ಎಂದು ತಿಳಿಸಿರುತ್ತಾಳೆ. ಅದರಂತೆ ಸದರಿ ಜನರ ಹೆಸರು ‘ನಾವು’ ಎಂದು ಅಧಿಸೂಚಿಸಲಾಗಿದೆ. ತರುವಾಯದ ಘಟನೆಗಳ ಹಿನ್ನೆಲೆಯಲ್ಲಿ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

೧. ನೌಕರರು ತಮ್ಮನ್ನು ಸೂಚಿಸಲು ‘ನಾವು’ ಪದವನ್ನು ಬಳಸತಕ್ಕದ್ದಲ್ಲ. ‘ಅವರು’ ಎಂದು ಬರೆದುಕೊಳ್ಳತಕ್ಕದ್ದು. ಹೊಳೆಯಾಚೆಯವರು ಇಲಾಖೆಯನ್ನು ಹಾಗೆಯೇ ಕರೆಯುವುದು ದೃಢಪಟ್ಟಿದೆ.

೨. ‘ವಿಳಂಬಕ್ಕೆ ನಾವು ವಿಷಾದಿಸುತ್ತೇವೆ’ ಎಂಬ ಪತ್ರ ತಲುಪಿದ ಸಾರ್ವಜನಿಕರು ಹೊಳೆ ದಾಟಿ ಜಗಳಕ್ಕೆ ಹೋಗಿರುತ್ತಾರೆ. ಅಲ್ಲಿಯವರು ಅವರನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಅಹವಾಲು ಪೂರ್ತಿ ಕೇಳಿಸಿಕೊಂಡು ಕಳುಹಿಸಿದ್ದು, ಇದು ಕಚೇರಿಯ ಪರಿಪಾಠಕ್ಕೆ ವಿರುದ್ಧವಾಗಿದೆ.

೩. ಬೆರಳಚ್ಚುಗಾರ್ತಿಯು ರಜೆ ಅರ್ಜಿಯಲ್ಲಿ ‘ನಾವು ಮದುವೆಯಾಗುತ್ತಿದ್ದೇವೆ’ ಎಂದು ಬರೆದ ಕಾರಣ, ಹೊಳೆಯಾಚೆಯವರೆಲ್ಲರಿಗೂ ಅಭಿನಂದನಾ ಪತ್ರ ರವಾನೆಯಾಗಿದೆ. ಅಲ್ಲಿನ ಅವಿವಾಹಿತರು ಮುಹೂರ್ತ ಯಾವಾಗ ಎಂದು ವಿಚಾರಿಸುತ್ತಿದ್ದಾರೆ. ಅಲ್ಲಿನ ವಿವಾಹಿತರು ಕೆಲವರೂ ವಿಚಾರಿಸುತ್ತಿದ್ದಾರೆ.

೪. ದೋಣಿಗಾರನ ಹೆಂಡತಿಗೆ ಹೆರಿಗೆ ನೋವು ಕಾಣಿಸಿಕೊಂಡಿದ್ದು, ಸೇತುವೆ ಇಲ್ಲದ್ದರಿಂದ ಆಕೆಯನ್ನು ದೋಣಿಯಲ್ಲಿ ಈಚೆ ದಡಕ್ಕೆ ತರಲಾಗಿದೆ. ಆಕೆಯ ಅತ್ತೆ, ಅಂದರೆ ಮೇಲೆ ಹೇಳಿದ ದೋಣಿಗಾರನ ತಾಯಿಯು, ಕಚೇರಿಯ ಗೇಟಿಗೆ ಬಂದು ಆಸ್ಪತ್ರೆಗೆ ಹೋಗಲು ವಾಹನ ಕೇಳಿರುತ್ತಾಳೆ. ಕಾವಲುಗಾರನ ಹೇಳಿಕೆಯಂತೆ ನಡೆದ ಮಾತು:

“ಯಾರಮ್ಮಾ?”
“ನಾವು.”
“ಸಾಹೇಬ್ರ ಜೀಪದು. ಕೊಡಕ್ಕಾಗಲ್ಲ.”
“ಹಿಂದುಗಡೆ ಏನು ಬರೆದಿದೆ, ಓದಪ್ಪಾ.”

‘ಇದು ನಮ್ಮ ವಾಹನ, ಶುಚಿಯಾಗಿಡಿ’ ಎಂದು ಗಟ್ಟಿಯಾಗಿ ಓದಿದ ಕಾವಲುಗಾರನು, ಅಧಿಸೂಚನೆಯನ್ನು ನೆನೆದು, ಸೆಲ್ಯೂಟ್ ಹೊಡೆದು ಬೀಗದ ಕೈ ಒಪ್ಪಿಸಿರುತ್ತಾನೆ. ಈತನ ಮೇಲೆ ಕ್ರಮ ಜರುಗಿಸಲು ಯಾವ ನಿಯಮವೂ ಸಿಕ್ಕಿರುವುದಿಲ್ಲ.

೫. ಆ ವೇಳೆ ಜೀಪಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಆಲೋಚಿಸುತ್ತಿದ್ದ, ಕೆಳಗೆ ಸಹಿ ಮಾಡಿರುವ ಅಧಿಕಾರಿಯನ್ನು ಎಬ್ಬಿಸಲಾಗಿದೆ. ಚಾಲಕನು ಚಹಾಕ್ಕೆ ಹೋಗಿದ್ದರಿಂದ ಅಧಿಕಾರಿಯೇ ಜೀಪು ಓಡಿಸಿದ್ದು, ದಾರಿಯುದ್ದಕ್ಕೂ ಬಾಣಂತಿಯಾಗಲಿದ್ದವಳಿಗಿಂತ ತಾನೇ ಹೆಚ್ಚು ಬೆವರಿರುತ್ತಾನೆ. “ಹೆದ್ರಬೇಡ ಮಗಾ, ರಸ್ತೆ ನೋಡ್ಕೊಂಡು ಓಡ್ಸು” ಎಂಬ ಮೌಖಿಕ ಆದೇಶವನ್ನು ಮುದುಕಿಯಿಂದ ಸ್ವೀಕರಿಸಲಾಗಿದೆ.

ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸಮ್ಮನವರು “ಯಾರ್ರೀ ನೀವೆಲ್ಲ? ಮನೆಯವರು ಮಾತ್ರ ಇರಿ, ಮಿಕ್ಕವರು ಹೊರಡಿ” ಎಂದು ಗದರಿದಾಗ, ದೋಣಿಗಾರನೂ ಅವನ ತಾಯಿಯೂ “ನಾವು” ಎಂದಿದ್ದು, ಜೊತೆಗೆ ಸದರಿ ಅಧಿಕಾರಿಯ ಬಾಯಿಂದಲೂ “ನಾವು” ಎಂದೇ ಹೊರಬಿದ್ದಿರುತ್ತದೆ. ಅಷ್ಟರಲ್ಲಿ ಒಳಗಿನಿಂದ ಮಗುವಿನ ಅಳು ಕೇಳಿಬಂದದ್ದರಿಂದ ಯಾರೂ ಅದನ್ನು ತಿದ್ದಿರುವುದಿಲ್ಲ. ಹೆಣ್ಣು ಮಗು. ತಾಯಿ, ಮಗು ಕ್ಷೇಮ. ಮಗುವನ್ನು ಎತ್ತಿಕೊಳ್ಳುವಾಗ ಕುತ್ತಿಗೆಗೆ ಕೈ ಆನಿಸತಕ್ಕದ್ದೆಂದು ಅಧಿಕಾರಿಗೆ ಸ್ಥಳದಲ್ಲೇ ತರಬೇತಿ ನೀಡಲಾಗಿದೆ.

೬. ಕಂಡಿಕೆ ೧ರಲ್ಲಿ ಏನೇ ಇದ್ದರೂ, ಮೇಲಿನ ಸಂದರ್ಭದಲ್ಲಿ ಆಡಿದ ಪದವನ್ನು ತಪ್ಪೆಂದು ಪರಿಗಣಿಸತಕ್ಕದ್ದಲ್ಲ.

೭. ಹೊಳೆಗೆ ಸೇತುವೆಯನ್ನು ನಾವು ಕಟ್ಟಿಸುತ್ತೇವೆ. ಈ ವಾಕ್ಯದಲ್ಲಿ ‘ನಾವು’ ಎಂದರೆ ಯಾರೆಂದು ಸ್ಪಷ್ಟೀಕರಣ ಕೋರಿ ಯಾರೂ ಪತ್ರ ಬರೆಯತಕ್ಕದ್ದಲ್ಲ.

(ಸಹಿ)
ನಿರ್ದೇಶಕರು (ಪ್ರಭಾರ)

ಪ್ರತಿಗಳು:
೧. ಜೀಪಿನ ಚಾಲಕರಿಗೆ, ಚಹಾದಂಗಡಿಯ ಮೂಲಕ.
೨. ಬೆರಳಚ್ಚುಗಾರ್ತಿಗೆ, ಮದುವೆ ಮುಗಿದ ಬಳಿಕ.
೩. ದೋಣಿಗಾರನ ತಾಯಿಗೆ, ಓದಿ ಹೇಳುವವರೊಂದಿಗೆ.
೪. ಮಗುವಿಗೆ, ನಿದ್ದೆ ಕೆಡಿಸದಂತೆ.