ಅಕ್ಕನ ಅತ್ತೆಗೊಂದು ಸೀರೆ

ಹಾವಿಗೆ ಹೆದರುವವರಿದ್ದಾರೆ, ಸೂಜಿಗೆ ಹೆದರುವವರಿದ್ದಾರೆ, ಮೇಲಧಿಕಾರಿಯ ಬೂಟಿನ ಸದ್ದಿಗೆ ಹೆದರುವವರೂ ಇದ್ದಾರೆ. ಅವರ ಹೆದರಿಕೆಗಳಿಗೆ ಒಂದು ಮರ್ಯಾದೆಯಿದೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನನ್ನದು ಹಾಗಲ್ಲ. ನಾನು ಹೆದರುವುದು ಒಪ್ಪವಾಗಿ ಜೋಡಿಸಿಟ್ಟ ಕಪಾಟಿಗೆ. ಬಾಗಿಲು ತೆಗೆದ ಕೂಡಲೇ ಬಟ್ಟೆಗಳು ಅಂಚಿಗೆ ಅಂಚು ಕೂಡಿಸಿಕೊಂಡು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಕಂಡರೆ ನನ್ನ ಅಂಗೈ ಬೆವರುತ್ತದೆ. ಇದು ಹುಟ್ಟಿನಿಂದ ಬಂದದ್ದಲ್ಲ. ಸ್ವಲ್ಪ ದಿನಗಳ ಹಿಂದಿನವರೆಗೂ ನಾನು ಒಪ್ಪ ಓರಣದ ಕಟ್ಟಾ ಅಭಿಮಾನಿಯಾಗಿದ್ದೆ. ಆಗಿದ್ದೆ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಆ ನೆನಪಿನ ಮಾತನ್ನು ಎಷ್ಟು ನಂಬಬೇಕು ಎಂಬುದೇ ಈ ಕಥೆಯ ತಿರುಳಾದ್ದರಿಂದ, ಅದನ್ನು ಅಷ್ಟಕ್ಕೇ ಬಿಡುತ್ತೇನೆ.

ನಾನು ಚಿಕ್ಕೋಡಿಯ ಒಂದು ಕಾಲೇಜಿನ ಗ್ರಂಥಪಾಲಕ. ಹಗಲೆಲ್ಲ ಪುಸ್ತಕಗಳನ್ನು ವಿಷಯವಾರು ವಿಂಗಡಿಸಿ, ತಪ್ಪು ಜಾಗದಲ್ಲಿ ಕೂತದ್ದನ್ನು ಕಿವಿ ಹಿಡಿದು ಎಬ್ಬಿಸಿ ಸರಿಯಾದ ಜಾಗಕ್ಕೆ ಕಳಿಸುವುದು ನನ್ನ ಕೆಲಸ. ಸಂಜೆ ಮನೆಗೆ ಬಂದರೆ, ಕತ್ತರಿ ಬೇಕಾದಾಗ ಮೊದಲು ಟಾರ್ಚ್ ಹುಡುಕಬೇಕು, ಟಾರ್ಚಿನ ಸೆಲ್ ಗಡಿಯಾರಕ್ಕೆ ಹೋಗಿರುತ್ತದೆ, ಗಡಿಯಾರ ಅಕ್ಕಿ ಡಬ್ಬಿಯ ಹಿಂದೆ ನಿಂತು ತನ್ನಷ್ಟಕ್ಕೆ ತಾನು ನಡೆಯುತ್ತಿರುತ್ತದೆ. ಮಲಗುವ ಕೋಣೆಯಲ್ಲಿ ಒಂದು ಕುರ್ಚಿಯಿದೆ. ಅದರ ಮೇಲೆ ಮನುಷ್ಯರು ಕೂತದ್ದನ್ನು ನಾನು ನೋಡಿಲ್ಲ. ಒಗೆದ ಬಟ್ಟೆ, ಒಗೆಯಬೇಕಾದ ಬಟ್ಟೆ, ಈ ಎರಡರಲ್ಲಿ ಯಾವ ಗುಂಪಿಗೆ ಸೇರಿದ್ದೆಂದು ಇನ್ನೂ ತೀರ್ಮಾನವಾಗದ ಬಟ್ಟೆ, ಇವೇ ಅದರ ಕಾಯಂ ನಿವಾಸಿಗಳು. ಪ್ಲಾಸ್ಟಿಕ್ ಚೀಲದೊಳಗೆ ಚೀಲ, ಆ ಚೀಲದೊಳಗೆ ಮತ್ತೊಂದು. ನನ್ನ ಹೆಂಡತಿ ಮಹಾದೇವಿಗೆ ಇದ್ಯಾವುದೂ ಗದ್ದಲವೆನಿಸುವುದಿಲ್ಲ. "ಮನಿ ಅಂದಮ್ಯಾಲ ಸಾಮಾನ ಇರಬೇಕ್ರಿ. ಬಯಲಾಗ ಇರ್ತೈತೇನು?" ಎನ್ನುತ್ತಾಳೆ. ಅವಳನ್ನು ಏನು ಕೇಳಿದರೂ ಒಲೆಯ ಮುಂದಿನಿಂದ ಅಲುಗಾಡದೆ ಜಾಗ ಹೇಳುತ್ತಾಳೆ. ನನಗದು ಕಾಕತಾಳೀಯ ಅನ್ನಿಸುತ್ತಿತ್ತು.

ಈ ಎಲ್ಲ ಗದ್ದಲದ ರಾಜಧಾನಿ ನಮ್ಮ ಕಬ್ಬಿಣದ ತಿಜೋರಿ, ಅಂದರೆ ಆಳೆತ್ತರದ ಕಪಾಟು. ಅದರೊಳಗೆ ಇರುವುದು ಚಿನ್ನವಲ್ಲ, ಆಯೇರು. ನಮ್ಮ ಕಡೆ ಮದುವೆ, ಮಗುವಿನ ಮೊದಲ ಕೂದಲು ತೆಗೆಸುವ ಜಾವಳ, ವಾಸ್ತುಶಾಂತಿ ಏನೇ ಆದರೂ ಬೀಗರು ನೆಂಟರು ಒಬ್ಬರಿಗೊಬ್ಬರು ಬಟ್ಟೆ ಕೊಡುತ್ತಾರೆ. ಹೆಂಗಸರಿಗೆ ಸೀರೆ, ಇಲ್ಲವೇ ಕುಬಸದ ಖಣ. ಗಂಡಸರಿಗೆ ಟಾವೆಲ್, ಟೋಪಿ. ಇವನ್ನು ಉಡಲಿ, ತೊಡಲಿ ಎಂದು ಕೊಡುವವರೂ ಕಡಿಮೆ, ಉಡುತ್ತೇವೆ ಎಂದು ತೆಗೆದುಕೊಳ್ಳುವವರೂ ಕಡಿಮೆ. ಒಂದು ಮನೆಯಲ್ಲಿ ಬಂದದ್ದು ಮತ್ತೊಂದು ಮನೆಗೆ ಹೋಗುತ್ತದೆ, ಅಲ್ಲಿಂದ ಮುಂದಿನ ಮನೆಗೆ. ನನಗೊಮ್ಮೆ ಬಂದ ಬಿಳಿ ಟೋಪಿಯೊಂದು ಯಾವ ವಯಸ್ಕನ ತಲೆಗೂ ಹಿಡಿಸದಷ್ಟು ಸಣ್ಣದಿತ್ತು. ಅದು ನಿಪ್ಪಾಣಿ, ರಾಯಬಾಗ, ಕಾಗವಾಡಗಳನ್ನೆಲ್ಲ ನನಗಿಂತ ಹೆಚ್ಚು ಸುತ್ತಿದೆ ಎಂದು ನನ್ನ ಗುಮಾನಿ. ಇದರಲ್ಲಿ ಯಾರಿಗೂ ಅವಮಾನವಿಲ್ಲ. ನಿಯಮ ಒಂದೇ. ಕೊಟ್ಟವರ ಬಟ್ಟೆ ಕೊಟ್ಟವರ ಮನೆಗೇ ತಿರುಗಿ ಹೋಗಬಾರದು. ಹೋದರೆ, 'ನಿಮ್ಮದು ನಮಗೆ ಬೇಕಾಗಿಲ್ಲ' ಎಂದು ಮುಖದ ಮೇಲೆ ಹೇಳಿದಂತೆ.

ಮಹಾದೇವಿ ತವರಿಗೆಂದು ರಾಯಬಾಗಕ್ಕೆ ಹೋಗಿದ್ದಾಗ ನನಗೆ ಆ ತಿಜೋರಿಯನ್ನು ಒಪ್ಪಗೊಳಿಸುವ ಬುದ್ಧಿ ಬಂತು. ತೆರೆದರೆ ಕಣ್ಣಿಗೆ ಹಬ್ಬವಲ್ಲ, ಜಾತ್ರೆ. ಹಳೆಯ ಸೀರೆಯಲ್ಲಿ ಕಟ್ಟಿದ ಗಂಟುಗಳು, ಬಟ್ಟೆ ಅಂಗಡಿಯ ಚೀಲಗಳು, ದಿಂಬಿನ ಗವಸಿನೊಳಗೆ ತುರುಕಿದ ಟಾವೆಲ್‌ಗಳು. ಎಲ್ಲವನ್ನೂ ಮಂಚದ ಮೇಲೆ ಸುರುವಿದೆ. ಸೀರೆಗಳೆಲ್ಲ ಒಂದು ಕಡೆ, ಖಣಗಳು ಒಂದು ಕಡೆ, ಟಾವೆಲ್ ಟೋಪಿ ಇನ್ನೊಂದು ಕಡೆ. ಆಮೇಲೆ ಬಣ್ಣದ ಪ್ರಕಾರ, ತಿಳಿಯಿಂದ ಗಾಢಕ್ಕೆ. ಗಂಟು ಕಟ್ಟಿದ್ದ ಹಳೆಯ ಸೀರೆಗಳನ್ನು ಒಗೆಯಲು ಹಾಕಿದೆ. ಅಂದು ನನ್ನ ದಿನಚರಿಯಲ್ಲಿ, 'ಇಂದು ಈ ಮನೆಗೆ ಒಂದು ಶಿಸ್ತು ಬಂತು' ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ಮಹಾದೇವಿ ಬಂದವಳು ತಿಜೋರಿ ತೆರೆದು ಒಂದೊಂದೇ ಸಾಲನ್ನು ಮೇಲಿಂದ ಕೆಳಗೆ ನೋಡಿದಳು. ಕೂಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

"ಛಲೋ ಕಾಣಾಕತ್ತೈತ್ರಿ," ಎಂದಳು.

"ಹೌದಲ್ಲ?" ಎಂದೆ.

"ಮತ್ತ ಈಗ ಇದರಾಗ ಗಂಗಕ್ಕನ ಮನಿದ್ಯಾವ್ದು, ನಮ್ಮ ತವರಿಂದ್ಯಾವ್ದು, ನಿಪ್ಪಾಣಿ ಮಂದಿದ್ಯಾವ್ದು, ಅಷ್ಟ ಹೇಳಿಬಿಡ್ರಿ."

ಆಗ ಹೊಳೆಯಿತು. ಹಳದಿ ಸೀರೆಯ ಗಂಟಿನಲ್ಲಿದ್ದದ್ದು ಒಬ್ಬರ ಮನೆಯದು, ದಿಂಬಿನ ಗವಸಿನಲ್ಲಿದ್ದದ್ದು ಇನ್ನೊಬ್ಬರದು. ನಾನು ಗದ್ದಲವೆಂದು ಬಿಚ್ಚಿದ್ದು ಅವಳ ಕ್ಯಾಟಲಾಗನ್ನು. ಅವಳು ಮಂಚದ ಮೇಲೆ ಕೂತು, "ನಿಮ್ಮ ಲೈಬ್ರರಿಗೆ ಹೋಗಿ ನಾ ಎಲ್ಲಾ ಪುಸ್ತಕ ರಟ್ಟಿನ ಬಣ್ಣ ನೋಡಿ ಹೊಂದಿಸಿದ್ರ ನೀವ ಏನಂತಿದ್ರಿ?" ಎಂದಳು.

ಇದು ಬರೀ ಬಟ್ಟೆಯ ಮಾತಾಗಿದ್ದರೆ ನಾನು ನಗುತ್ತಿದ್ದೆ. ಆದರೆ ನನಗೊಬ್ಬಳು ಅಕ್ಕ ಇದ್ದಾಳೆ, ಗಂಗಕ್ಕ. ಅಥಣಿಯ ಕಡೆಯ ಒಂದು ಹಳ್ಳಿಗೆ, ದ್ರಾಕ್ಷಿ ತೋಟದವರ ಮನೆಗೆ ಕೊಟ್ಟಿದ್ದೇವೆ. ಅಲ್ಲಿ ಅವಳಿಗೊಬ್ಬ ಅತ್ತೆ. ನಾವೆಲ್ಲ ಅವರನ್ನು ಆಯಿ ಎನ್ನುತ್ತೇವೆ. ಬಹಳ ಹಿಂದೆ ನಿಪ್ಪಾಣಿಯ ನಮ್ಮ ಚಿಕ್ಕಮ್ಮ ಯಾವುದೋ ಮದುವೆಯಲ್ಲಿ ಆಯಿಗೆ ಕೊಟ್ಟ ಖಣ, ಹಿಂದೊಮ್ಮೆ ಆಯಿಯೇ ಚಿಕ್ಕಮ್ಮನಿಗೆ ಕೊಟ್ಟಿದ್ದಾಗಿತ್ತು. ಆಯಿ ಊಟ ಮಾಡದೆ ಎದ್ದುಹೋದರು. ಅಂದಿನಿಂದ ಆ ಮನೆಯಲ್ಲಿ ಹಾಲು ಉಕ್ಕಿದರೂ, ನಲ್ಲಿ ಸೋರಿದರೂ, "ನಿಮ್ಮ ತವರ ಮಂದಿ ಹೆಂಗಂದ್ರ..." ಎಂದು ಅಕ್ಕನಿಗೆ ಶುರುವಾಗುತ್ತಿತ್ತು. ಅದು ತಣ್ಣಗಾಗಲು ವರ್ಷಗಳೇ ಹಿಡಿದವು. ಈಗ ಅದೇ ಮನೆತನದ ಯಾವುದೋ ಸೀರೆ ನನ್ನ ಶಿಸ್ತಿನ ಸಾಲಿನಲ್ಲಿ ಗುರುತು ಮರೆಸಿಕೊಂಡು ನಿಂತಿತ್ತು.

ಅಷ್ಟರಲ್ಲಿ ಅಕ್ಕನ ಹೊಸ ಮನೆ ಕಟ್ಟಿ ಮುಗಿಯಿತು, ವಾಸ್ತುಶಾಂತಿಗೆ ಕರೆ ಬಂತು. ಅಕ್ಕನಿಗೂ ಅವಳ ಗಂಡ, ನಮ್ಮ ಮಾವನಿಗೂ ಹೊಸ ಬಟ್ಟೆ ತಂದೆವು. ತವರು ಮನೆಯ ಆಯೇರು, ಅದರಲ್ಲಿ ಜುಗ್ಗತನ ಸಲ್ಲದು. ಆಯಿಯ ಚಿಂತೆ ಇರಲಿಲ್ಲ. ಹೊಸ ಮನೆಗೆ ಅಟ್ಟವಿಲ್ಲ, "ನನ್ನ ಹಂಡೇ ಕೊಪ್ಪರಗಿ ಏನು ತಲಿ ಮ್ಯಾಲ ಇಟ್ಕೊಳ್ಳೇನು?" ಎಂದು ಸಿಟ್ಟಾಗಿ ಅವರು ಯಡೂರಿನ ಮಗಳ ಮನೆಗೆ ಹೋಗಿ ಕೂತಿದ್ದರು, ಬರುವುದಿಲ್ಲ ಎಂದಿದ್ದರು. ನಾವು ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಅಕ್ಕನ ಫೋನ್.

"ತಮ್ಮಾ, ಆಯಿ ಬಂದಾರೋ. ನೀವೂ ಲಗೂನ ಬರ್ರಿ." ಅವಳ ದನಿಯಲ್ಲಿ ಸಂತೋಷಕ್ಕಿಂತ ದಿಗಿಲು ಹೆಚ್ಚಿತ್ತು.

ಆಯಿಗೆ ಸೀರೆ ಬೇಕು, ಅಂಗಡಿಗಳು ಇನ್ನೂ ಕದ ತೆರೆದಿರಲಿಲ್ಲ. ಇಬ್ಬರೂ ತಿಜೋರಿಯ ಮುಂದೆ ನಿಂತೆವು. ಆಯಿಯ ವಯಸ್ಸಿಗೆ ಒಪ್ಪುವಂಥದ್ದು ಒಂದೇ ಇತ್ತು, ಮಾವಿನಕಾಯಿ ಅಂಚಿನ ಹಸಿರು ಸೀರೆ. "ಇದು ಯಾರದ್ರಿ?" ಎಂದಳು ಮಹಾದೇವಿ. ನಾನು ಕಣ್ಣು ಮುಚ್ಚಿದೆ. ನಮ್ಮ ಮಗನ ಜಾವಳದಲ್ಲಿ ಅಕ್ಕ ಈ ಸೀರೆಯ ಬೆಲೆ ಚೀಟಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತು ಮಹಾದೇವಿಯ ಕೈಗಿತ್ತದ್ದು ಸ್ಪಷ್ಟವಾಗಿ ಕಂಡಿತು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ, ರಾಯಬಾಗದ ಅವಳ ಅತ್ತಿಗೆ ಅದೇ ಸೀರೆಯ ಚೀಟಿಯನ್ನು ಹಲ್ಲಿನಿಂದ ಕೀಳುತ್ತಿದ್ದದ್ದೂ ಅಷ್ಟೇ ಸ್ಪಷ್ಟವಾಗಿ ಕಂಡಿತು. ಎರಡೂ ನೆನಪಿನಲ್ಲಿ ಹಲ್ಲು ಒಂದೇ. ದಿನಚರಿ ತೆಗೆದು ಜಾವಳದ ದಿನ ನೋಡಿದೆ: 'ಕಾಲ ಎಂಬುದು ನದಿಯಲ್ಲ, ಕೆರೆ. ಬಾಸುಂದಿ ಚೆನ್ನಾಗಿತ್ತು.' ಇಷ್ಟು ವರ್ಷ ಬರೆದದ್ದಕ್ಕೆ ಸಿಕ್ಕ ಆಸರೆ ಇದು. "ನಿಮ್ಮ ಅತ್ತಿಗೀದು," ಎಂದುಬಿಟ್ಟೆ. "ಖರೇನ?" ಎಂದಳು. "ಖರೇ," ಎಂದೆ. ಹೆದರಿದವನು ಎಷ್ಟು ಗಟ್ಟಿಯಾಗಿ ಖರೇ ಎನ್ನಬಲ್ಲನೆಂದು ನನಗೇ ಆಶ್ಚರ್ಯವಾಯಿತು.

ಬಸ್ಸಿನಲ್ಲಿ ಆ ಸೀರೆಯ ಚೀಲ ನನ್ನ ತೊಡೆಯ ಮೇಲಿತ್ತು. ಕುಡಚಿ ದಾಟಿ ಸೇತುವೆಯ ಮೇಲೆ ಬಂದಾಗ ಹೆಂಗಸರು ಕೃಷ್ಣೆಗೆ ಕೈಮುಗಿದರು. ಒಬ್ಬಳು ಕಿಟಕಿಯಿಂದ ನಾಣ್ಯ ಎಸೆದಳು. ಈ ಚೀಲವನ್ನೂ ಹೊಳೆಗೆ ಅರ್ಪಿಸಿದರೆ ಹೇಗೆ ಎಂಬ ಆಲೋಚನೆ ನನ್ನಲ್ಲಿ ಬಹಳ ಭಕ್ತಿಯಿಂದಲೇ ಮೂಡಿತು. ಮಹಾದೇವಿ ಏನನ್ನು ಓದಿಕೊಂಡಳೋ, ಚೀಲವನ್ನು ತನ್ನ ತೊಡೆಗೆ ಎಳೆದುಕೊಂಡಳು.

ಹೊಸ ಮನೆಯಲ್ಲಿ ಸುಣ್ಣ ಬಣ್ಣದ ವಾಸನೆ, ಹೋಮದ ಹೊಗೆ. ಆಯಿ ನಡುಮನೆಯ ಕಂಬಳಿಯ ಮೇಲೆ ಕೂತಿದ್ದರು, ಮುಖ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಅಕ್ಕ ಅವರ ಹಿಂದೆ ಮುಂದೆ, ಕಾಲಡಿಯಲ್ಲಿ ಮೊಟ್ಟೆಯಿರುವಂತೆ ಓಡಾಡುತ್ತಿದ್ದಳು. ಮಹಾದೇವಿ ಕುಂಕುಮ ಹಚ್ಚಿ, ಕಾಯಿ, ಖಣ, ಸೀರೆ ಇಟ್ಟು ಕಾಲಿಗೆ ಬಿದ್ದಳು. ನಾನು ಎದುರಿನ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆ. ಎಲೆಯ ಮೇಲೆ ಹೋಳಿಗೆ, ತುಪ್ಪ; ಒಂದೇ ತುಂಡನ್ನು ತುಪ್ಪದಲ್ಲಿ ಅದ್ದುತ್ತಲೇ ಇದ್ದೆ. ಆಯಿ ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಮತ್ತೆ ಸವರಿದರು. ಮೂಗಿನ ಹತ್ತಿರ ಒಯ್ದರು. ಆಮೇಲೆ ಜನರ ತಲೆಗಳ ಮೇಲಿಂದ ನೇರವಾಗಿ ನನ್ನನ್ನು ನೋಡಿದರು.

"ಸೀರಿ ನೀ ಆರಿಸಿದೇನಪಾ?"

"ಹೌದ್ರಿ ಆಯಿ."

"ಹಂ. ಇಂಥಾ ಹಸರ ನಮ್ಮನ್ಯಾಗೂ ಒಂದಿತ್ತು."

ಅಕ್ಕನ ಕೈಯಲ್ಲಿದ್ದ ನೀರಿನ ತಂಬಿಗೆ ನಿಂತಲ್ಲೇ ನಿಂತಿತು. ನನ್ನ ಹೋಳಿಗೆಯೂ. ಆಯಿ ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ, ಹೋಮಕ್ಕೆ ಬಂದಿದ್ದ ಸ್ವಾಮಿಗಳು ಕೊನೆಯ ಪೂಜೆಗೆ ಹಿರಿಯರನ್ನು ಕರೆದರು. ಆಯಿ ಸೀರೆಯನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದು ಹೋದರು. ಅವರು ಏನು ಹೇಳಲಿದ್ದರೋ ಆ ದೇವರಿಗೆ ಗೊತ್ತು, ಸ್ವಾಮಿಗಳಿಗೂ ಗೊತ್ತಿರಬಹುದು. ನಾವು ಸಂಜೆಯ ಬಸ್ಸಿಗೂ ಕಾಯದೆ ಹೊರಟೆವು. ಹೊರಡುವಾಗ ಅಕ್ಕ ಗಡಿಬಿಡಿಯಲ್ಲಿ ಕೋಣೆಯಿಂದ ಒಂದು ನೀಲಿ ಸೀರೆ ತಂದು ಮಹಾದೇವಿಗೆ ಉಡಿ ತುಂಬಿದಳು, ನನಗೆ ಟಾವೆಲ್ ಹೊದಿಸಿದಳು.

ಮನೆಗೆ ಬಂದು ಮಹಾದೇವಿ ಆ ಸೀರೆಯನ್ನು ಬಿಚ್ಚಿದಳು. ಬಹಳ ಹೊತ್ತು ಅದರ ಕೆಳ ಅಂಚನ್ನೇ ನೋಡಿದಳು.

"ಇಲ್ಲಿ ಬರ್ರಿ. ಈ ಫಾಲ್ ನಾನ ಹಚ್ಚಿದ್ದು. ಅರ್ಧಕ್ಕ ನೀಲಿ ದಾರ ತೀರಿತು, ಉಳಿದದ್ದು ಕರೀ ದಾರಲೆ ಹಚ್ಚೀನಿ. ನೋಡ್ರಿ."

ನೋಡಿದೆ. ಅರ್ಧ ನೀಲಿ, ಅರ್ಧ ಕಪ್ಪು.

"ಪಂಚಮಿಗೆ ಗಂಗಕ್ಕ ಬಂದಾಗ ನಾ ಕೊಟ್ಟಿದ್ದ ಸೀರಿ ಇದು. ಅವರಿಗೆ ತ್ರಾಸ ಬ್ಯಾಡಂತ ಫಾಲ್ ಹಚ್ಚಿ ಕೊಟ್ಟಿದ್ದೆ. ಉಟ್ಟ ಇಲ್ಲ."

ಇಷ್ಟು ದಿನ ನಾನು ಮಾಡಿಬಿಡುತ್ತೇನೆಂದು ಹೆದರಿದ ಅಪರಾಧ ನಮ್ಮ ಮೇಲೇ ನಡೆದಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೊದಲು ಆದದ್ದು ಸಮಾಧಾನ. ಮಹಾದೇವಿಯ ಮುಖ ಸಣ್ಣದಾಗಿದ್ದದ್ದು ಆಮೇಲೆ ಕಂಡಿತು. ಅವಳು ಸೀರೆಯನ್ನು ಮತ್ತೆ ಮಡಚಿದಳು, ಮಡಚುತ್ತ ಮಡಚುತ್ತ ಯಾಕೋ ನಗಲು ಶುರುಮಾಡಿದಳು.

"ಹೊಸಾ ಮನಿಗೆ ಸಾಮಾನ ಹೊರಸಿದ್ದು ಯಾರ್ರಿ?"

"ಮಾವ ಇರಬೇಕು. ಯಾಕ?"

"ಏನಿಲ್ಲ. ಅವರೂ ಒಪ್ಪ ಮಾಡಿ ಇಟ್ಟಿರಬೇಕು."

ದೀಪ ಹಚ್ಚುವ ಹೊತ್ತಿಗೆ ಅಕ್ಕನ ಫೋನ್ ಬಂತು.

"ಮುಟ್ಟಿದ್ರೇನೋ ತಮ್ಮಾ?"

"ಮುಟ್ಟಿದ್ವಿ ಅಕ್ಕಾ."

"ಅಲ್ಲೋ..." ಎಂದಳು. "ಮಹಾದೇವಿ ಸೀರಿ ಬಿಚ್ಚಿ ನೋಡಿದ್ಲೇನು?"

ಆ ದನಿ ನನಗೆ ಗೊತ್ತಿತ್ತು. ಬೆಳಗಿನಿಂದ ಅದು ನನ್ನ ಗಂಟಲಲ್ಲೇ ಇತ್ತು. ಪಾಪ, ಕೋಣೆಯಲ್ಲಿ ಮಾವ ಒಪ್ಪವಾಗಿ ಜೋಡಿಸಿದ ಸಾಲಿನ ಮುಂದೆ ಅವಳೂ ಕಣ್ಣು ಮುಚ್ಚಿ ನಿಂತಿರಬೇಕು. ನಾವು ಹೊರಟು ಬಂದ ಮೇಲೆ, ಅದು ನಾವೇ ಕೊಟ್ಟ ಸೀರೆಯೆಂದು ಅವಳಿಗೆ ನೆನಪಾಗಿರಬೇಕು. ನಾನು ಮಹಾದೇವಿಯ ಮುಖ ನೋಡಿದೆ. ಅವಳು ಹೇಳಬೇಡಿ ಎಂದು ಕೈಸನ್ನೆ ಮಾಡಿದಳು.

"ನೋಡಿದ್ಲಕ್ಕಾ. ಬಣ್ಣ ಭಾಳ ಮನಸಿಗೆ ಬಂದೈತಂತ. ದೀಪಾವಳಿಗೆ ಉಡ್ತೀನಿ ಅಂದ್ಲು."

ಅತ್ತ ಕಡೆ ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು. ಒಳ್ಳೆಯ ಕೆಲಸ ಮಾಡಿದೆ ಎನ್ನಿಸಿತು. ಅಲ್ಲಿಗೆ ಫೋನ್ ಇಟ್ಟುಬಿಡಬೇಕಿತ್ತು. ಆದರೆ ಹೆದರಿದವನಿಗೆ ಸಮಾಧಾನವನ್ನು ಮತ್ತೊಮ್ಮೆ ಮುಟ್ಟಿ ನೋಡುವ ಚಟ.

"ಮತ್ತ ಆಯಿ? ನಾವು ಕೊಟ್ಟಿದ್ದ ಸೀರಿ ಬಿಚ್ಚಿ ನೋಡಿದ್ರೇನು?"

ಅತ್ತ ದೂರದಲ್ಲೊಂದು ಪಾತ್ರೆ ಸದ್ದಾಯಿತು.

"ನೋಡಿದ್ರಪಾ," ಎಂದಳು ಅಕ್ಕ. "ಬಣ್ಣ ಭಾಳ ಮನಸಿಗೆ ಬಂದೈತಂತ. ದೀಪಾವಳಿಗೆ ಉಡ್ತೀನಿ ಅಂದ್ರು."

ನಾನು ಆಡಿದ ಮಾತೇ, ಮಡಿಕೆ ಕೂಡ ಬಿಚ್ಚದೆ, ನನ್ನ ಮನೆಗೆ ತಿರುಗಿ ಬಂದಿತ್ತು. ಮಹಾದೇವಿ ಆ ನೀಲಿ ಸೀರೆಯನ್ನು ಹಳೆಯ ಹಳದಿ ಸೀರೆಯಲ್ಲಿ ಗಂಟು ಕಟ್ಟಿ ತಿಜೋರಿಯಲ್ಲಿಟ್ಟು, ಕೀಲಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ದೀಪಾವಳಿ ಹತ್ತಿರ ಬರುತ್ತಿದೆ.