ಮಿಸ್ ಟೇಲರ್ ಅವರ ಜರ್ಮನ್ ಮುತ್ತಾತ

ಎರಡು ಸಾವಿರದ ಇಸವಿ ಬಂದರೆ ಲೋಕದ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಹೆದರಿ ದಿವಾಕರನನ್ನು ಮೈಸೂರಿನಿಂದ ನ್ಯೂಜೆರ್ಸಿಗೆ ಕರೆಸಿಕೊಂಡಿದ್ದರು. ಇಸವಿ ಬಂತು. ಒಂದು ಕಂಪ್ಯೂಟರೂ ಕೆಮ್ಮಲಿಲ್ಲ. ಕೆಲಸ ನಿಂತು ಕೂತವನು ದಿವಾಕರನೊಬ್ಬನೇ. (ಕಂಪನಿಯವರು ಅದಕ್ಕೆ ‘ಬೆಂಚ್’ ಎನ್ನುತ್ತಿದ್ದರು, ಮನೆಯಲ್ಲಿ ಅದು ಸೋಫಾ.) ಮೆಟುಚೆನ್‌ನ ಬಾಡಿಗೆ ಮನೆಯಲ್ಲಿ ಹಗಲೆಲ್ಲ ಕೂತು ಬೇಸತ್ತವನು ಹೆಂಡತಿ ಕೌಸಲ್ಯಾಳ ಅಡುಗೆಮನೆಗೆ ನುಗ್ಗಿ, ಮಸಾಲೆ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಮರುಜೋಡಣೆ ಮಾಡಿದ.

“ನೀವು ಏನಾರ ಕೆಲಸ ಹುಡುಕ್ಕೋರಿ, ಇಲ್ಲಾಂದ್ರ ನಾನs ಒಂದು ಹುಡುಕಿ ಕೊಡ್ತೀನಿ,” ಎಂದಳು ಧಾರವಾಡದ ಕೌಸಲ್ಯಾ, ಜೀರಿಗೆಯೆಂದುಕೊಂಡು ಸಾರಿಗೆ ಸೋಂಪಿನ ಒಗ್ಗರಣೆ ಹಾಕಿದ ದಿನ.

ಕೆಲಸ ಪಕ್ಕದ ಮನೆಯಿಂದಲೇ ಬಂತು. ಅಲ್ಲಿದ್ದ ಮಿಸ್ ಟೇಲರ್ ನಿವೃತ್ತ ಶಾಲಾ ಶಿಕ್ಷಕಿ, ಅವಿವಾಹಿತೆ, ಕೌಸಲ್ಯಾಳ ಉಪ್ಪಿಟ್ಟಿನ ಪರಮಭಕ್ತೆ. ಮಂಡಿನೋವು ಹೆಚ್ಚಾಗಿ, ಮನೆ ಮಾರಿ, ಚಳಿಗಾಲಕ್ಕೆ ಮುಂಚೆ ಫ್ಲಾರಿಡಾದಲ್ಲಿರುವ ತಂಗಿಯ ಮಗಳ ಬಳಿ ಹೋಗುವವರಿದ್ದರು. ಅವರಿಗೆ ಒಂದೇ ಕೊರಗು. ಮುತ್ತಾತ ಹೈನ್ರಿಕ್ ಜರ್ಮನಿಯಿಂದ ಹಡಗಿನಲ್ಲಿ ಬಂದವನಂತೆ. ಯಾವ ಊರಿನವನು, ಎಲ್ಲಿ ಮಣ್ಣಾದ ಎಂಬುದು ಯಾರಿಗೂ ತಿಳಿಯದು. ಈ ಸೀಮೆ ಬಿಡುವ ಮೊದಲು ಅವನ ಸಮಾಧಿಗೆ ಒಂದು ಹೂವಿಡಬೇಕೆಂದು ಅವರಿಗೆ ಆಸೆ.

“ಐ ವಿಲ್ ಫೈಂಡ್ ಹಿಮ್!” ದಿವಾಕರ ಎದೆ ತಟ್ಟಿಕೊಂಡ. “ಇಟ್ ಈಸ್ ಜಸ್ಟ್ ಎ ಡೇಟಾಬೇಸ್ ಪ್ರಾಬ್ಲಂ.”

ಅಂದಿನಿಂದ ಮನೆಯ ಫೋನು ಸತ್ತಿತು. ಇಂಟರ್‌ನೆಟ್ಟಿಗೂ ಫೋನಿಗೂ ಒಂದೇ ತಂತಿ. ದಿವಾಕರ ಜರ್ಮನಿಯಲ್ಲಿರುವಾಗ ಕೌಸಲ್ಯಾಳಿಗೆ ಧಾರವಾಡ ಸಿಗುತ್ತಿರಲಿಲ್ಲ. ಸಾಲದ್ದಕ್ಕೆ ಅವನು ಟೈ ಕಟ್ಟಿಕೊಂಡು, ರೈಲು ಹತ್ತಿ ಮ್ಯಾನ್‌ಹಾಟನ್ನಿನ ಗ್ರಂಥಾಲಯಕ್ಕೆ ಹೋಗಿ ಹಳೆಯ ಹಡಗುಗಳ ಪ್ರಯಾಣಿಕರನ್ನು ವಿಚಾರಿಸಿಕೊಳ್ಳತೊಡಗಿದ. ಹಡಗುಗಳ ತುಂಬ ಹೈನ್ರಿಕ್‌ಗಳಿದ್ದರು. ಟೇಲರ್ ಎಂಬ ಹೈನ್ರಿಕ್ ಮಾತ್ರ ಒಬ್ಬನೂ ಇರಲಿಲ್ಲ. ಬಹಳ ಬೆವರಿದ ಮೇಲೆ ಒಬ್ಬ ಹೆನ್ರಿ ಟೇಲರ್ ಸಿಕ್ಕ. ಕುದುರೆ ಕದ್ದು ಜೈಲಿಗೆ ಹೋದವನು, ಅದೂ ಐರ್ಲೆಂಡಿನವನು.

“ಆ ಮುದುಕಿಗೆ ಹೋಗಿ ಹೋಗಿ ಕಳ್ಳನ್ನ ಹಿಡಕೊಂಡು ಬಂದು ಕೊಡ್ತೀರೇನು?” ಎಂದಳು ಕೌಸಲ್ಯಾ.

ಅಷ್ಟರಲ್ಲಿ ಪಕ್ಕದ ಮನೆಯ ಅಂಗಳದಲ್ಲಿ ‘ಸೋಲ್ಡ್’ ಎಂಬ ಫಲಕ ಎದ್ದು ನಿಂತಿತು. ದಿವಾಕರ ಊಟ ಬಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತ. ಮಿಸ್ ಟೇಲರ್ ಎದುರಾದರೆ ಬೇಲಿಯ ಹಿಂದೆ ಬಗ್ಗುವ ಸ್ಥಿತಿ ಬಂತು.

ಕೌಸಲ್ಯಾ ಈರುಳ್ಳಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. “ಅಲ್ರೀ, ಟೇಲರ್ ಅಂದ್ರ ಬಟ್ಟಿ ಹೊಲಿಯಾಂವ ಹೌದಿಲ್ಲೋ? ನಮ್ಮ ಕಡೆ ಬಡಿಗೇರ, ಪತ್ತಾರ, ಸಿಂಪಿಗೇರ ಅಂತ ಅಡ್ಡಹೆಸರು ಇರಂಗಿಲ್ಲೇನು? ಇವರೂ ಜರ್ಮನಿ ಸಿಂಪಿಗೇರರs ಇರಬೇಕು. ಇಲ್ಲಿಗೆ ಬಂದು ಹೆಸರು ಇಂಗ್ಲಿಷ್ ಮಾಡ್ಕೊಂಡಾರ.”

“ವಂಶಶೋಧನೆ ಅಂದರೆ ಅಷ್ಟು ಸಸಾರ ಅಲ್ಲ ಕಣೇ. ನೀನು ಈರುಳ್ಳಿ ಹೆಚ್ಚು.”

ಅವಳು ಹೆಚ್ಚಿದಳು. ಅವನು ಅವಳಿಗೆ ಕಾಣದ ಹಾಗೆ ಜರ್ಮನ್ ನಿಘಂಟು ತೆರೆದ. ದರ್ಜಿಗೆ ಜರ್ಮನ್ನರು ‘ಶ್ನೈಡರ್’ ಎನ್ನುತ್ತಾರೆ.

ಆಮೇಲೆ ಎಲ್ಲ ಸರಸರನೆ ಬಿಚ್ಚಿಕೊಂಡಿತು. ಹೈನ್ರಿಕ್ ಶ್ನೈಡರ್, ವೃತ್ತಿ ದರ್ಜಿ, ಬ್ರೇಮೆನ್ ಬಂದರಿನಿಂದ ನ್ಯೂಯಾರ್ಕಿಗೆ ಬಂದವನು. ಮಗನ ಹೆಸರೂ ಮೊಮ್ಮಗನ ಹೆಸರೂ ಮಿಸ್ ಟೇಲರ್ ಹೇಳಿದ್ದಕ್ಕೆ ತಾಳೆಯಾದವು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಹೆಸರಿದ್ದವರನ್ನು ಬೀದಿಯಲ್ಲಿ ಗುರಾಯಿಸುತ್ತಿದ್ದರಾದ್ದರಿಂದ ಮೊಮ್ಮಗ ಟೇಲರ್ ಆಗಿದ್ದ. ಸಮಾಧಿ ದೂರವೇನಿರಲಿಲ್ಲ, ನ್ಯೂಜೆರ್ಸಿಯಲ್ಲೇ ಸೀಕಾಕಸ್ ಎಂಬ ಊರಿನ ಉಗ್ರಾಣಗಳಾಚೆ ಒಂದು ಹಳೆಯ ಸ್ಮಶಾನದಲ್ಲಿತ್ತು.

ಭಾನುವಾರ ದಿವಾಕರನೇ ಎಲ್ಲರನ್ನೂ ಕಾರಿನಲ್ಲಿ ಕರೆದೊಯ್ದ. ಮಿಸ್ ಟೇಲರ್ ಕರವಸ್ತ್ರ ಒದ್ದೆ ಮಾಡಿ ಕಲ್ಲಿನ ಪಾಚಿ ಒರೆಸಿದರು. ಹೆಸರಿನ ಕೆಳಗೆ ಪುಟ್ಟದೊಂದು ಕತ್ತರಿ ಕೆತ್ತಿದ್ದರು. ಅವರು ಅದರ ಮೇಲೆ ಬೆರಳಾಡಿಸಿ, “ನಮ್ಮಪ್ಪನ ಅಂಗಿಗಳನ್ನೆಲ್ಲ ಅವರ ತಾತನೇ ಹೊಲಿಯುತ್ತಿದ್ದರಂತೆ,” ಎಂದು ಹೂವಿಟ್ಟರು. ಕೌಸಲ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಿವಾಕರನಿಗೂ ಗಂಟಲು ಕಟ್ಟಿತು. (ಅದರಿಂದಲೇ ಇರಬೇಕು, ಸಿಂಪಿಗೇರರ ವಿಷಯ ಅವನ ಬಾಯಿಂದ ಹೊರಬರಲೇ ಇಲ್ಲ.)

ಅಲ್ಲಿಂದ ಅವನು ಸಂಶೋಧನಾ ಸಾರ್ವಭೌಮನಾದ. ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ ತಟ್ಟೆ ಹಿಡಿದವರನ್ನು ಮೂಲೆಗೊತ್ತಿ, ಹೈನ್ರಿಕ್‌ನ ಅಪ್ಪ, ಅಜ್ಜ, ಹೆಂಡತಿ, ಹೆಂಡತಿಯ ತವರು ಎಲ್ಲವನ್ನೂ ಒಪ್ಪಿಸಿದ. ಮಗಳು ತನ್ವಿ, “ಅಪ್ಪಾ, ನಾಟ್ ಹೈನ್ರಿಕ್ ಅಗೇನ್!” ಎಂದು ಕಿವಿ ಮುಚ್ಚಿಕೊಂಡಳು.

ಹೀಗಿರುವಾಗ ಮಹಾಲಯ ಅಮಾವಾಸ್ಯೆ ಬಂತು. ದಿವಾಕರನ ತಂದೆ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮೈಸೂರಿನಲ್ಲಿ ಕರ್ಮ ನಡೆದಾಗ ಅಣ್ಣ ಹೇಳಿದ್ದಕ್ಕೆಲ್ಲ ಇವನು ಹೂಂಗುಟ್ಟಿದ್ದ. ಈಗ ಸ್ವತಃ ತಾನೇ ತರ್ಪಣ ಬಿಡಬೇಕೆಂದು ದೇವಸ್ಥಾನದಲ್ಲಿ ಪಂಚೆಯುಟ್ಟು ಕೂತ. ಹಿಂದೆ ಜನರ ಸಾಲು, ಪುರೋಹಿತರಿಗೆ ಅವಸರ.

“ತಂದೆ ಹೆಸರು?”

“ಜಯರಾಮ.”

“ಜಯರಾಮ ಶರ್ಮಾಣಂ… ನೀರು ಬಿಡಿ. ತಾತ?”

“ರಾಮಸ್ವಾಮಿ.”

“ರಾಮಸ್ವಾಮಿ ಶರ್ಮಾಣಂ… ಬಿಡಿ. ಮುತ್ತಾತ?”

ದಿವಾಕರನ ತಲೆ ಖಾಲಿಯಾಯಿತು. ಖಾಲಿಯಾಗಿಯೇ ಉಳಿದಿದ್ದರೂ ವಾಸಿಯಿತ್ತು.

“ಹೈನ್ರಿಕ್!”

“ಹೈನ್ರಿಕ್ ಶರ್ಮಾಣಂ…” ಎಂದು ಅರ್ಧ ದಾರಿ ಹೋದ ಪುರೋಹಿತರು ಕಣ್ಣು ತೆರೆದರು. ಎಳ್ಳುನೀರು ಆಗಲೇ ಜಾರಿತ್ತು. “ಸ್ವಾಮೀ, ಶರ್ಮನೋ ಜರ್ಮನೋ ಸರಿಯಾಗಿ ನೋಡ್ಕೊಂಡು ಹೇಳಿ!”

ಹಿಂದೆ ಕೌಸಲ್ಯಾಳ ನಗು ಸೆರಗನ್ನೂ ದಾಟಿ ಬಂತು. ತನ್ವಿ ಕೇಳಿದಳು, “ವೇಟ್, ಆರ್ ವಿ ಜರ್ಮನ್?”

ದಿವಾಕರ ಒದ್ದೆ ಕೈಯಲ್ಲೇ ಪೇ ಫೋನಿಗೆ ಓಡಿ, ಕಾಲಿಂಗ್ ಕಾರ್ಡಿನ ನಂಬರುಗಳನ್ನೆಲ್ಲ ಒತ್ತಿ ಮೈಸೂರಿನ ತಾಯಿ ಕೃಷ್ಣಮ್ಮನವರನ್ನು ಹಿಡಿದ.

“ಅಮ್ಮಾ, ಮುತ್ತಾತನ ಹೆಸರೇನು? ಬೇಗ ಹೇಳು.”

“ಯಾಕೋ? ಆ ದೇಶಕ್ಕೆ ಹೋಗಿ ನಿನ್ನ ಹೆಸರೇ ಮರೆತುಹೋಯ್ತಾ?”

“ನನ್ನದಲ್ಲಮ್ಮ, ಮುತ್ತಾತಂದು!”

“ಅದನ್ನೇ ಹೇಳ್ತಿರೋದು! ಅವರ ಹೆಸರನ್ನೇ ಅಲ್ವೇನೋ ನಿಂಗಿಟ್ಟಿರೋದು? ನೀನು ಹುಟ್ಟಿದಾಗ ಅವರೇ ಬಂದರು ಅಂತ ನಿಮ್ಮಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದ್ರು.”

ದಿವಾಕರ ಫೋನಿಟ್ಟ. ಯಾಕೋ ಎದೆ ತುಂಬಿ ಬಂತು. ಮೆಲ್ಲಗೆ ಹಿಂದಿರುಗಿ ಮಣೆಯ ಮೇಲೆ ಕೂತು, ಎಳ್ಳು ಹಿಡಿದು, ಈ ಸಲ ಗಟ್ಟಿಯಾಗಿ ಹೇಳಿದ:

“ದಿವಾಕರ!”

ಪುರೋಹಿತರು ಹಣೆ ಚಚ್ಚಿಕೊಂಡರು. “ನಿಮ್ಮ ಹೆಸರು ಯಾರು ಕೇಳಿದ್ರು ಸ್ವಾಮೀ? ಮುತ್ತಾತಂದು ಹೇಳಿ!”